ಆರು ವರ್ಷ ಬಳಸಿದ ಮೇಲೆ: ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಆ್ಯಪ್

ಬೈಬಲ್ ವಚನದ ಯಾವುದೇ ಪದವನ್ನು ಒತ್ತಿದರೆ ಸಾಕು, ಅದರ ಹಿಂದಿರುವ ಗ್ರೀಕ್ ಪದ, ಅದರ ಸ್ಟ್ರಾಂಗ್ಸ್ ಸಂಖ್ಯೆ (ಪ್ರತಿ ಮೂಲಪದಕ್ಕೂ ಕೊಟ್ಟಿರುವ ಕ್ರಮಸಂಖ್ಯೆ), ಒಂದೆರಡು ಸಾಲಿನ ಅರ್ಥ ತೆರೆದುಕೊಳ್ಳುತ್ತವೆ. ಇಂಥ ಒಂದು ಉಚಿತ ಆ್ಯಪ್ ಆರು ವರ್ಷದಿಂದ ನನ್ನ ಮೊಬೈಲಿನಲ್ಲಿದೆ. ಗ್ರೀಕ್ ಅಕ್ಷರಮಾಲೆಯೂ ತಿಳಿಯದೆ ಶುರು ಮಾಡಿದ ನನ್ನಂಥವನನ್ನು ಮೂಲಪಠ್ಯದ ಹೊಸ್ತಿಲಿಗೆ ತಂದು ನಿಲ್ಲಿಸಿದ ಸಾಧನ ಇದು. ಆ ಋಣ ದೊಡ್ಡದು.

ಆದರೆ ಮೊದಲ ಎರಡು ವರ್ಷ ನಾನು ಇದನ್ನು ತಪ್ಪಾಗಿ ಬಳಸಿದೆ.

ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸು ಪೇತ್ರನನ್ನು ಮೂರು ಸಲ "ನನ್ನನ್ನು ಪ್ರೀತಿಸುತ್ತೀಯೋ" ಎಂದು ಕೇಳುತ್ತಾನೆ. ಪ್ರೀತಿಸು ಎನ್ನುವುದಕ್ಕೆ ಅಲ್ಲಿ ಎರಡು ಗ್ರೀಕ್ ಪದಗಳಿವೆ: ಮೊದಲೆರಡು ಸಲ ಕೇಳುವಾಗ ಅಗಪಾವೊ, ಮೂರನೆಯ ಸಲ ಫಿಲೇಯೊ. ಪೇತ್ರನ ಉತ್ತರದಲ್ಲಿ ಮೂರು ಸಲವೂ ಫಿಲೇಯೊ. ಅಗಪಾವೊ ದೈವಿಕ ಪ್ರೀತಿ, ಫಿಲೇಯೊ ಬರಿಯ ಸ್ನೇಹ ಎಂದು ನಂಬಿ ಅಧ್ಯಯನ ಕೂಟದಲ್ಲಿ ಒಂದು ಗಂಟೆ ಮಾತನಾಡಿದೆ. ಕೆಲವು ತಿಂಗಳ ನಂತರ ಆ ಪದದ ಅಡಿಯಲ್ಲಿದ್ದ "ಎಲ್ಲ ಪ್ರಯೋಗಗಳು" ಎಂಬ ಗುಂಡಿಯನ್ನು ಮೊದಲ ಬಾರಿಗೆ ಒತ್ತಿದೆ. ತಂದೆಯು ಮಗನನ್ನು ಪ್ರೀತಿಸುತ್ತಾನೆ ಎಂಬ ಮಾತು ಅದೇ ಸುವಾರ್ತೆಯಲ್ಲಿ ಎರಡು ಕಡೆ ಬರುತ್ತದೆ: 3:35ರಲ್ಲಿ ಅಗಪಾವೊ, 5:20ರಲ್ಲಿ ಫಿಲೇಯೊ. ದೇಮನು ಇಹಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟುಹೋದನಲ್ಲ (2 ತಿಮೊಥೆಯ 4:10), ಅಲ್ಲಿರುವುದೂ ಅಗಪಾವೊ. ಮತ್ತೆ 21ನೇ ಅಧ್ಯಾಯಕ್ಕೆ ಬಂದು ನೋಡಿದರೆ ಕುರಿಮರಿ ಮತ್ತು ಕುರಿಗಳಿಗೆ ಬೇರೆ ಬೇರೆ ಪದ, ಮೇಯಿಸು ಎನ್ನುವುದಕ್ಕೆ ಎರಡು ಪದ, ಬಲ್ಲೆ ಎನ್ನುವುದಕ್ಕೂ ಎರಡು. ಪದ ಬದಲಿಸುತ್ತ ಹೋಗುವುದು ಈ ಲೇಖಕನ ಶೈಲಿ. ಮುಂದಿನ ವಾರ ಕೂಟದಲ್ಲಿ ಎದ್ದು ನಿಂತು, ನಾನು ಹೇಳಿದ್ದು ನಿಲ್ಲುವುದಿಲ್ಲ ಎಂದೆ.

ಅಂದಿನಿಂದ ಅರ್ಥದ ಸಾಲನ್ನು ಕೊನೆಗೆ ಓದುತ್ತೇನೆ, ಪ್ರಯೋಗಗಳ ಪಟ್ಟಿಯನ್ನು ಮೊದಲು ಓದುತ್ತೇನೆ. ಈ ಆ್ಯಪ್‌ನ ನಿಜವಾದ ಬೆಲೆ ಆ ಪಟ್ಟಿಯಲ್ಲಿದೆ. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಹೊರತಂದ ಮೂಲ ಗ್ರಂಥವೂ ಪದಗಳು ಎಲ್ಲೆಲ್ಲಿ ಬರುತ್ತವೆ ಎಂದು ತೋರಿಸುವ ಅನುಕ್ರಮಣಿಕೆಯೇ; ನಿಘಂಟು ಅದರ ಬಾಲ. ಪ್ರತಿ ಪದದ ಕೊನೆಯಲ್ಲಿ ಬರುವ ಇಂಗ್ಲಿಷ್ ಪದಗಳ ಸಾಲು 1611ರ ಇಂಗ್ಲಿಷ್ ಬೈಬಲ್ ಆದ ಕಿಂಗ್ ಜೇಮ್ಸ್ ಆವೃತ್ತಿಯ ಅನುವಾದಕರು ಆ ಪದವನ್ನು ಹೇಗೆ ಹೇಗೆ ಅನುವಾದಿಸಿದರು ಎಂಬ ಲೆಕ್ಕವಷ್ಟೇ. ಅದನ್ನು ಅರ್ಥಗಳ ಪಟ್ಟಿಯೆಂದು ತಿಳಿದು ಎಲ್ಲವನ್ನೂ ಒಂದೇ ವಚನದೊಳಗೆ ತುರುಕುವವರನ್ನು ಬಹಳ ನೋಡಿದ್ದೇನೆ. (2717 ಮತ್ತು 3203ರಿಂದ 3302ರವರೆಗಿನ ಸಂಖ್ಯೆಗಳು ಸಿಗದಿದ್ದರೆ ಆ್ಯಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಮೂಲದಲ್ಲೇ ಅವು ಇಲ್ಲ.)

ವ್ಯುತ್ಪತ್ತಿಯ ಸಾಲು ಇನ್ನೂ ಅಪಾಯಕಾರಿ. ಸಭೆ ಎಂದು ಅನುವಾದವಾಗುವ ಎಕ್ಲೇಸಿಯ ಎಂದರೆ "ಹೊರಗೆ ಕರೆಯಲ್ಪಟ್ಟವರು" ಎಂದು ಎಷ್ಟು ಪ್ರಸಂಗಗಳಲ್ಲಿ ಕೇಳಿಲ್ಲ! ಅಪೊಸ್ತಲರ ಕೃತ್ಯಗಳು 19ರಲ್ಲಿ ಎಫೆಸದ ರಂಗಮಂದಿರದಲ್ಲಿ ಗದ್ದಲವೆಬ್ಬಿಸಿದ ಗುಂಪಿಗೂ ಅದೇ ಪದ. ಗವಾಕ್ಷಿ ಎಂದರೆ ಹಸುವಿನ ಕಣ್ಣು ಎಂಬುದು ನಿಜ. ಗವಾಕ್ಷಿ ತೆರೆಯುವಾಗ ಯಾರಿಗೆ ಹಸು ನೆನಪಾಗುತ್ತದೆ?

ಕೊರತೆಗಳೂ ಇವೆ. ಸಂಖ್ಯೆ ಸಿಗುವುದು ಪದದ ಮೂಲರೂಪಕ್ಕೆ. ಬಂದಾನು, ಬರಲಿ, ಬರುತ್ತಿದ್ದ ಎಲ್ಲಕ್ಕೂ "ಬರು" ಎಂದಷ್ಟೇ ಹೇಳಿದ ಹಾಗೆ. ಕ್ರಿಯಾಪದದ ರೂಪ ತಿಳಿಯಲು ನಾನು ಕೊನೆಗೆ ವ್ಯಾಕರಣವನ್ನೇ ಕಲಿಯಲು ಕುಳಿತೆ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್ ಇದರಲ್ಲಿ ಇಲ್ಲ. ಅದಿಲ್ಲದೆ ಪದಗಳ ಅರ್ಧ ಬದುಕು ಕಾಣುವುದಿಲ್ಲ: ದಾವೀದನ ಮಗ ಅಮ್ನೋನನು ತನ್ನ ಮಲತಂಗಿ ತಾಮಾರಳ ಮೇಲೆ ಇಟ್ಟ ಮೋಹಕ್ಕೂ ಅಲ್ಲಿ ಅಗಾಪೆ (ಅಗಪಾವೊದ ನಾಮಪದ) ಎಂದೇ ಇದೆ.

ಕಳೆದ ವಾರ ಯೇಸು ಕಲಿಸಿದ ಪ್ರಾರ್ಥನೆಯ "ಅನುದಿನದ ಆಹಾರ" ಎಂಬಲ್ಲಿನ ಎಪಿಯೂಸಿಯೋಸ್ ಪದವನ್ನು ಒತ್ತಿದೆ. ಪಟ್ಟಿಯಲ್ಲಿ ಎರಡೇ ಸಾಲು, ಮತ್ತಾಯ 6:11 ಮತ್ತು ಲೂಕ 11:3. ಎರಡೂ ಅದೇ ಪ್ರಾರ್ಥನೆ. ಗ್ರೀಕ್ ಭಾಷೆಯಲ್ಲೇ ಬೆಳೆದ ಮೂರನೆಯ ಶತಮಾನದ ಕ್ರೈಸ್ತ ವಿದ್ವಾಂಸ ಒರಿಗೆನ್ ಕೂಡ ಈ ಪದವನ್ನು ವಿದ್ವಾಂಸರೂ ಬಳಸುವುದಿಲ್ಲ, ಸಾಮಾನ್ಯರೂ ಬಳಸುವುದಿಲ್ಲ ಎಂದಿದ್ದ. ದಿನವೂ ಹೇಳುವ ಆ ಸಾಲನ್ನು ಅಂದು ರಾತ್ರಿ ತುಂಬಾ ನಿಧಾನವಾಗಿ ಹೇಳಿದೆ.