ಮೀಥೈಲ್ ತಿರುಗಾಟ ಅಳೆಯಲು: ಕ್ಯಾವಿಟಿಯೋ, ಚರ್ಪೋ?

ಅಣುವಿನ ತುದಿಯ ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಜಲಜನಕ) ಫ್ಯಾನಿನ ಹಾಗೆ ತಿರುಗಲು ನೋಡುತ್ತದೆ. ನಡುವೆ ಶಕ್ತಿಯ ದಿಬ್ಬ. ಅದನ್ನು ಹತ್ತುವುದಿಲ್ಲ, ಸುರಂಗದಲ್ಲಿ ನುಸುಳಿದಂತೆ ದಾಟುತ್ತದೆ! ಹಾಗಾಗಿ ಮೈಕ್ರೋವೇವ್ ರೋಹಿತದಲ್ಲಿ (ಅಣು ಯಾವ ಯಾವ ಆವರ್ತನಕ್ಕೆ ಸ್ಪಂದಿಸುತ್ತದೆ ಎಂಬ ಚಿತ್ರ) ಒಂದು ಗೆರೆ ಎ, ಇ ಎಂಬ ಹೆಸರಿನ ಎರಡು ಗೆರೆಗಳಾಗುತ್ತದೆ. ದಿಬ್ಬ ಎತ್ತರವಾದಷ್ಟೂ ಅವೆರಡರ ನಡುವಿನ ಸೀಳು ಕಿರಿದು.

1981ರ ಹೊತ್ತಿಗೆ ಅಮೆರಿಕದ ಇಲಿನಾಯ್‌ನಲ್ಲಿ ಫ್ಲೈಗೇರ್ ತಂಡ ಕಟ್ಟಿದ ಕ್ಯಾವಿಟಿ ಉಪಕರಣ (ಎದುರುಬದುರು ಎರಡು ಕನ್ನಡಿಗಳ ನಡುವೆ ಮೈಕ್ರೋವೇವ್ ಓಡಾಡಿಸುವಂಥದು) ಕೆಲವೇ ಕಿಲೋಹರ್ಟ್ಸ್ ಸೀಳನ್ನೂ ಬಿಡಿಸಿ ತೋರಿಸುತ್ತದೆ. ಆದರೆ ಒಂದು ಸಲಕ್ಕೆ ಸಿಗುವುದು ಸುಮಾರು 1 ಮೆಗಾಹರ್ಟ್ಸ್. ಆಮೇಲೆ ಮುಂದಿನ ತುಂಡಿಗಾಗಿ ಕನ್ನಡಿ ಸರಿಸುತ್ತಾ ಕೂರಬೇಕು.

ವರ್ಜೀನಿಯಾದ ಬ್ರೂಕ್ಸ್ ಪೇಟ್ ತಂಡದ ಚರ್ಪ್ ವಿಧಾನ (ಆವರ್ತನ ಸರ್ರನೆ ಬದಲಾಗುವ ಮೈಕ್ರೋವೇವ್ ಮಿಡಿತ ಬಳಸುವಂಥದು) 11 ಗಿಗಾಹರ್ಟ್ಸ್ ಅನ್ನು ಒಂದೇ ಏಟಿಗೆ ಹಿಡಿಯುತ್ತದೆ. ಗೆರೆ ಮಾತ್ರ ಸ್ವಲ್ಪ ದಪ್ಪ.

ದಿಬ್ಬ ತಗ್ಗಾಗಿದ್ದರೆ ಇ ಗೆರೆ ಎಲ್ಲೋ ದೂರ ಹೋಗಿರುತ್ತದೆ. ಚರ್ಪ್ ಹಿಡಿಯಿರಿ, ಸುಮ್ನೆ ದಿನಗಟ್ಟಲೆ ಹುಡುಕಬೇಡಿ. ಎತ್ತರವಾದರೆ ನನ್ನ ಓಟು ಕ್ಯಾವಿಟಿಗೇ.