ಛಾವಣಿಯ ಬಾರ್, ಬಂಪರಿನ ಪಾಡ್: ಒಂದೇ ಪಿಕಪ್ಪಿನಲ್ಲಿ ಎರಡನ್ನೂ ಓಡಿಸಿ ನೋಡಿದ್ದು

ಛಾವಣಿಯ ಮೇಲೆ ಎಲ್‌ಇಡಿ ಬಾರ್, ಅಂದರೆ ಉದ್ದ ಪಟ್ಟಿಯಂಥ ಲೈಟು, ಕೂರಿಸಿದ ಮೂರನೆಯ ರಾತ್ರಿಯೇ ನನ್ನ ಪಿಕಪ್ಪಿನ ಎಡ ಮುಂಚಕ್ರ ಗುಂಡಿಗೆ ಇಳಿಯಿತು. ಬೆಳಕು ಸಾಲದೆ ಅಲ್ಲ. ಮಣ್ಣುದಾರಿ ಹಗಲಿನಂತಿತ್ತು, 200 ಮೀಟರ್ ಆಚೆಯ ಮರದ ಕೊಂಬೆಕೊಂಬೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಹತ್ತು ಮೀಟರ್ ಮುಂದಿದ್ದ ಗುಂಡಿ ಮಾತ್ರ ಗುಂಡಿಯಾಗಿ ಕಾಣಲಿಲ್ಲ. ಒಂದೂವರೆ ತಿಂಗಳ ಮೇಲೆ ಬಂಪರಿಗೆ ಡಬ್ಬಿಯಂಥ ಎರಡು ಪುಟ್ಟ ಲೈಟು, ಅಂದರೆ ಪಾಡ್, ಹಾಕಿಕೊಂಡು ಅದೇ ದಾರಿಯಲ್ಲಿ ಹೋದೆ. ಅದೇ ಗುಂಡಿ ಮಸಿ ಬಳಿದ ಹಾಗೆ ದೂರದಿಂದಲೇ ಎದ್ದು ಕಂಡಿತು.

ಬಾರ್ ಇರುವುದು ನನ್ನ ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ. ನಾನು ನೋಡುವ ದಿಕ್ಕಿನಲ್ಲೇ ಬೆಳಕೂ ಹೋಗುತ್ತದೆ. ಹಾಗಾಗಿ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗುತ್ತದೆ, ಗುಂಡಿಯ ತಳಕ್ಕೂ ಬೆಳಕು ಇಳಿಯುತ್ತದೆ, ನೆಲವೆಲ್ಲ ನಡುಮಧ್ಯಾಹ್ನದಂತೆ ಚಪ್ಪಟೆ. ಬಂಪರಿನ ಲೈಟು ನೆಲದಿಂದ 60–70 ಸೆಂ.ಮೀ. ಎತ್ತರದಲ್ಲಿದ್ದು ನೆಲವನ್ನು ಸವರಿಕೊಂಡು ಹೋಗುತ್ತದೆ. ಗುಂಡಿಯ ಈಚೆಯ ಅಂಚು ಒಳಕ್ಕೆ ನೆರಳು ಚೆಲ್ಲುತ್ತದೆ. ಆ ಕಪ್ಪೇ ಎಚ್ಚರಿಕೆ. ಇದರಲ್ಲೂ ಅತಿ ಉಂಟು. ಮುಷ್ಟಿಗಾತ್ರದ ಕಲ್ಲು ಮಾರುದ್ದ ನೆರಳು ಬಿಟ್ಟು ಬಂಡೆಯ ಹಾಗೆ ಹೆದರಿಸುತ್ತದೆ. ದಿಣ್ಣೆಯ ನೆತ್ತಿಯ ಆಚೆ ಏನಿದೆಯೋ ದೇವರೇ ಬಲ್ಲ. ಏರುತಗ್ಗಿನ ಜಾಗದಲ್ಲಿ ಬಾರ್‌ಗೆ ಸಾಟಿಯಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ಓಡಾಟದಲ್ಲಿ ದಿಣ್ಣೆ ಹತ್ತಿದ್ದಕ್ಕಿಂತ ಗುಂಡಿ ತಪ್ಪಿಸಿದ್ದೇ ಹೆಚ್ಚು.

ಬಾರ್‌ನ ಉಳಿದ ಕಿರಿಕಿರಿಗಳು ಕೂರಿಸಿದ ಮೇಲೆ ಒಂದೊಂದಾಗಿ ಗೊತ್ತಾದವು. ಬಾನೆಟ್ಟಿನ ಬಣ್ಣ ಕನ್ನಡಿಯಾಗಿ ಬೆಳಕನ್ನೆಲ್ಲ ಮುಖಕ್ಕೆ ಎಸೆಯಿತು. ಬಾರನ್ನು ಒಂದು ಗೇಣು ಹಿಂದಕ್ಕೆ ಸರಿಸಿ, ಬಾನೆಟ್ಟಿನ ನಡುವೆ ಹೊಳಪಿಲ್ಲದ ಕಪ್ಪು ಹಾಳೆ ಅಂಟಿಸಿದ ಮೇಲೆ ಮುಕ್ಕಾಲು ಪಾಲು ಕಡಿಮೆಯಾಯಿತು. ವೇಗ 60 ದಾಟಿದರೆ ಶಿಳ್ಳೆ ಶುರು. ಹಿಂಬದಿಯಲ್ಲಿ ಬಿಸಿ ಹೊರಹಾಕುವ ಹೀಟ್‌ಸಿಂಕಿನ ರೆಕ್ಕೆಗಳ ಸಂದಿನಲ್ಲಿ ಗಾಳಿ ನುಗ್ಗಿ ಊದುವ ಸದ್ದು ಅದು. ರೆಕ್ಕೆಗಳಿಗೆ ಬಾಗಿಲಿನ ಅಂಚಿನ ರಬ್ಬರ್ ತುಂಡು ತುಂಡಾಗಿ ಸಿಕ್ಕಿಸಿದೆ. ಸ್ವರ ಬದಲಾಯಿತೇ ಹೊರತು ನಿಲ್ಲಲಿಲ್ಲ. ಮಂಜು ಬಿದ್ದ ದಿನ ಬಾರ್ ಹಾಕಿದರೆ ಮುಂದೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ, ಕಣ್ಣಿನ ಪಕ್ಕದಿಂದಲೇ ಹೊರಟ ಬೆಳಕು ಹನಿಗಳಿಗೆ ತಾಗಿ ನೇರ ಕಣ್ಣಿಗೇ ಮರಳುವುದರಿಂದ. ಇದಕ್ಕೆ ಸ್ವಿಚ್ ಆಫ್ ಮಾಡುವುದೊಂದೇ ಮದ್ದು.

ಮೂರನೆಯ ಜಾಗವೊಂದಿದೆ, ಬಾನೆಟ್ಟಿನ ಹಿಂಜಿನ ಬಳಿ, ಮುಂಗಾಜಿನ ಪಕ್ಕದ ಕಂಬದ ಬುಡದಲ್ಲಿ. ಪಾಡ್‌ಗಳನ್ನು ಸುಮಾರು 30 ಡಿಗ್ರಿ ಹೊರಕ್ಕೆ ತಿರುಗಿಸಿ ಹದಿನೈದು ದಿನ ಓಡಿಸಿದೆ. ತಿರುವಿನ ಒಳಮಗ್ಗುಲು ಚೆನ್ನಾಗಿ ಕಾಣುತ್ತದೆ. ಪಕ್ಕದ ಬೆಳಕು ಮುಂಗಾಜಿನ ಅಂಚಿನಿಂದ ಒಳಕ್ಕೆ ಸೋರುವುದನ್ನು ಸಹಿಸಲಾಗದೆ ಬಿಚ್ಚಿಬಿಟ್ಟೆ.

ಬಿಳಿಯೋ ಹಳದಿಯೋ ಎಂಬ ಜಗಳಕ್ಕೆ ಎರಡೂ ಪಾಡ್‌ಗಳಿಗೆ ಬೇರೆ ಬೇರೆ ಉತ್ತರ ಕೊಟ್ಟು ನೋಡಿದೆ: ಎಡಕ್ಕೆ 6000 ಕೆಲ್ವಿನ್ ಬಿಳಿ, ಬಲಕ್ಕೆ 3000 ಕೆಲ್ವಿನ್ ಹಳದಿ (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ). ನೋಡುವವರಿಗೆ ವಿಚಿತ್ರವಾಗಿ ಕಾಣುತ್ತಿತ್ತು, ಹೋಲಿಕೆಗೆ ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಒಣ ರಾತ್ರಿಯಲ್ಲಿ ಬಿಳಿಯೇ ಮೇಲು. ದೂರದ ವಸ್ತುವಿನ ಬಣ್ಣ, ಅಂಚು ಸ್ಪಷ್ಟ. ಮಳೆ, ಧೂಳು, ಮಂಜಿನಲ್ಲಿ ಹಳದಿ ಕಡೆ ಕಣ್ಣು ತಾನಾಗಿ ವಾಲುತ್ತಿತ್ತು. ಹಳದಿ ಮಂಜನ್ನು ಸೀಳಿಕೊಂಡು ಹೋಗುತ್ತದೆ ಎನ್ನುವ ಮಾತನ್ನು ಮಾತ್ರ ನಂಬಬೇಡಿ. ಮಂಜಿನ ಹನಿ ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ಬಿಳಿ ಎಲ್‌ಇಡಿ ಎಂದರೆ ನೀಲಿ ಬೆಳಕು ಸೂಸುವ ಚಿಪ್ ಮೇಲೆ ಫಾಸ್ಫರ್ ಎಂಬ ಹೊಳೆಯುವ ಹಳದಿ ಪುಡಿಯ ಲೇಪ. ತಣ್ಣನೆಯ ಬಿಳಿಯಲ್ಲಿ ಆ ನೀಲಿ ಧಾರಾಳವಾಗಿ ಉಳಿದಿರುತ್ತದೆ, ಚದುರಿ ಮರಳಿ ಬಂದಾಗ ಚುಚ್ಚುವುದು ಅದೇ. ಹಳದಿಯಲ್ಲಿ ಕಾಣುವ ದೂರ ಹೆಚ್ಚಲಿಲ್ಲ, ಕಣ್ಣಿನ ಆಯಾಸ ಕಡಿಮೆಯಾಯಿತು. ಕೊನೆಗೆ ಬಂಪರಿನಲ್ಲಿ ಎರಡೂ ಹಳದಿಯೇ ಉಳಿದವು.

ಇನ್ನು ವೈರಿಂಗ್. ನಾನು ಹೆಚ್ಚು ಸಮಯ ಕಳೆದದ್ದೂ, ಹೆಚ್ಚು ಬೈದುಕೊಂಡದ್ದೂ ಇಲ್ಲಿಯೇ.

ಬಾರ್ ಜೊತೆ ಪೆಟ್ಟಿಗೆಯಲ್ಲಿ ಸಿದ್ಧ ವೈರಿಂಗ್ ಬಂದಿತ್ತು: ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್), ಫ್ಯೂಸ್, ಸ್ವಿಚ್ ಎಲ್ಲ ಜೋಡಿಸಿದ್ದು. ಅರ್ಧ ಗಂಟೆಯ ಕೆಲಸ. ಪೆಟ್ಟಿಗೆಯ ಮೇಲೆ 300 ವ್ಯಾಟ್ ಅಂತ ಬರೆದಿತ್ತು. ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದರೆ ಎಳೆಯುತ್ತಿದ್ದದ್ದು 9 ಆಂಪ್. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14.1 ವೋಲ್ಟ್, ಬಾರ್‌ನ ಕನೆಕ್ಟರಿನಲ್ಲಿ 12.8. ಗುಣಿಸಿದರೆ 115 ವ್ಯಾಟ್. ಉಳಿದದ್ದು ಪೆಟ್ಟಿಗೆಯ ಮೇಲಿನ ಶಾಯಿ. ನಡುವೆ ಕಳೆದ 1.3 ವೋಲ್ಟ್ ಹೋದದ್ದು ವೈರಿನ ಬಿಸಿಗೆ, ಹತ್ತಿರಹತ್ತಿರ 12 ವ್ಯಾಟ್. ದಪ್ಪ ಪ್ಲಾಸ್ಟಿಕ್ಕಿನೊಳಗೆ ತಾಮ್ರ ಬಹಳವೆಂದರೆ 0.75 ಚದರ ಮಿ.ಮೀ. ಇದ್ದೀತು.

ಹಾಗಂತ ಬೆಳಕು ಮಂಕಾಗಿರಲಿಲ್ಲ. ಎಲ್‌ಇಡಿಯ ಡ್ರೈವರ್, ಅಂದರೆ ಅದಕ್ಕೆ ಹದವಾಗಿ ಕರೆಂಟ್ ಕೊಡುವ ಸರ್ಕ್ಯೂಟ್, ವೋಲ್ಟೇಜ್ ಬಿದ್ದರೆ ಹೆಚ್ಚು ಕರೆಂಟ್ ಎಳೆದು ಸರಿದೂಗಿಸಿಕೊಳ್ಳುತ್ತದೆ. ಹಳೆಯ ಹ್ಯಾಲೊಜನ್ ಆಗಿದ್ದರೆ ಕೆಂಪಾಗಿ ಉರಿದು ದೂರು ಹೇಳುತ್ತಿತ್ತು, ಎಲ್‌ಇಡಿ ಸುಮ್ಮನೆ ವೈರನ್ನು ಇನ್ನಷ್ಟು ಕಾಯಿಸುತ್ತದೆ. ಇದಕ್ಕಿಂತ ನನ್ನನ್ನು ಹೆದರಿಸಿದ್ದು ಫ್ಯೂಸ್. ಆ ಸಪೂರ ವೈರಿಗೆ 30 ಆಂಪ್ ಫ್ಯೂಸ್ ಹಾಕಿದ್ದರು. ಫ್ಯೂಸ್ ಇರುವುದು ಲೈಟನ್ನು ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. ಎಲ್ಲೋ ಅರೆಬರೆ ಶಾರ್ಟ್ ಆಗಿ 25 ಆಂಪ್ ಹರಿದರೆ ಫ್ಯೂಸ್ ಹಾಯಾಗಿ ಕುಳಿತಿರುತ್ತದೆ, ವೈರಿನ ಮೈ ಕರಗುತ್ತದೆ. ಆ ಫ್ಯೂಸೂ ಬ್ಯಾಟರಿಯಿಂದ ಎರಡು ಅಡಿ ದೂರದಲ್ಲಿತ್ತು. ಆ ಎರಡು ಅಡಿಗೆ ಕಾವಲೇ ಇಲ್ಲ.

ಎಲ್ಲವನ್ನೂ ಕಿತ್ತು ನಾನೇ ಎಳೆದೆ. 2.5 ಚದರ ಮಿ.ಮೀ. ವೈರು, ಬ್ಯಾಟರಿಯ ಪ್ಲಸ್‌ನಿಂದ ಗೇಣಿನೊಳಗೆ 15 ಆಂಪ್ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಕಾಲಿಗೆ, 87ರಿಂದ ಲೈಟಿಗೆ. 85, 86 ರಿಲೇಯನ್ನು ಎಬ್ಬಿಸುವ ಕಾಯಿಲ್ ಕಡೆಯವು, ಅಲ್ಲಿ ಹರಿಯುವುದು ಆಂಪಿನ ಐದರಲ್ಲೊಂದು ಪಾಲೂ ಇಲ್ಲ, ಸ್ವಿಚ್ಚಿಗೆ ಸಪೂರ ವೈರೇ ಸಾಕು. ಅದೇ ಬಾರ್, ಅದೇ ಉದ್ದ. ಕನೆಕ್ಟರಿನಲ್ಲಿ ಈಗ 13.7 ವೋಲ್ಟ್. ಕೆಲಸಕ್ಕೆ ಅರ್ಧ ಗಂಟೆಯ ಬದಲು ಒಂದಿಡೀ ಭಾನುವಾರ ಹೋಯಿತು. ಕ್ಯಾಬಿನ್ನಿನೊಳಕ್ಕೆ ವೈರು ತರುವಾಗ ತಗಡಿನ ತೂತಿನ ಅಂಚು ವೈರನ್ನು ಕೊಯ್ಯದಂತೆ ಹಾಕುವ ರಬ್ಬರ್ ಬಳೆ (ಗ್ರೊಮೆಟ್) ಹುಡುಕುವುದರಲ್ಲೇ ಎರಡು ತಾಸು. ಜೋಡಣೆಗಳನ್ನೆಲ್ಲ ಕ್ರಿಂಪ್ ಮಾಡಿ (ಲೋಹದ ತುದಿಯನ್ನು ವೈರಿಗೆ ಒತ್ತಿ ಹಿಡಿಸಿ), ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಬೆಸುಗೆ ಹಾಕಿದ ಕಡೆ ಸೀಸ ವೈರಿನ ಎಳೆಗಳೊಳಗೆ ಏರಿ ಗಟ್ಟಿಯಾಗುತ್ತದೆ, ಗಾಡಿಯ ನಡುಕಕ್ಕೆ ಆ ಗಟ್ಟಿಯ ಅಂಚಿನಲ್ಲೇ ಮುರಿಯುತ್ತದೆ, ಒಮ್ಮೆ ಅನುಭವಿಸಿದ್ದೇನೆ.

ಅರ್ತ್ ವಿಷಯದಲ್ಲಿ ಒಂದು ಮಾತು. ಬ್ಯಾಟರಿಯ ಮೈನಸ್ ಮೇಲೆ ಪುಟ್ಟ ಸೆನ್ಸರ್ ಕುಳಿತಿದ್ದರೆ ಅದನ್ನು ದಾಟಿ ನೇರ ಬ್ಯಾಟರಿಗೆ ಕಟ್ಟಬೇಡಿ. ಗಾಡಿ ಎಷ್ಟು ಕರೆಂಟ್ ಖರ್ಚಾಯಿತೆಂದು ಲೆಕ್ಕವಿಡುವುದು ಅದರಿಂದಲೇ. ಚಾಸಿಸ್ಸಿಗೆ ಕೊಡಿ, ಬಣ್ಣ ಕೆರೆದು ಬರಿ ಲೋಹಕ್ಕೆ.

ಪಾಡ್‌ಗಳನ್ನು ಹೈಬೀಮಿಗೆ ಕಟ್ಟಬೇಕೆಂದುಕೊಂಡೆ: ಎದುರು ಗಾಡಿ ಬಂದು ಡಿಮ್ ಮಾಡಿದರೆ ಇವೂ ಜೊತೆಗೇ ಆರಬೇಕು. ಹೈಬೀಮಿನ ಪಿನ್ನಿನಿಂದ 86ಕ್ಕೆ, 85 ಅರ್ತ್‌ಗೆ. ಹಾಕಿ ನೋಡಿದರೆ ಎಲ್ಲ ತಲೆಕೆಳಗು! ಡಿಮ್ ಮಾಡಿದರೆ ಪಾಡ್ ಹತ್ತುತ್ತದೆ, ಹೈಬೀಮ್ ಹಾಕಿದರೆ ಆರುತ್ತದೆ. ರಿಲೇ ಬದಲಿಸಿದೆ, ಅದೇ ಕಥೆ. ಸಂಜೆಯ ಹೊತ್ತಿಗೆ ಹೊಳೆಯಿತು. ನನ್ನ ಗಾಡಿಯ ಬಲ್ಬಿನ ಎರಡೂ ಫಿಲಮೆಂಟಿಗೆ ಪ್ಲಸ್ ಒಟ್ಟಿಗೇ ಬಂದಿರುತ್ತದೆ, ಸ್ವಿಚ್ ಕೆಲಸ ಮಾಡುವುದು ಅರ್ತ್ ಕಡೆ. ಡಿಮ್ಮಿನಲ್ಲಿದ್ದಾಗ ಹೈಬೀಮಿನ ಫಿಲಮೆಂಟ್ ಮೂಲಕವೇ ಪ್ಲಸ್ ಹಾದು ನನ್ನ ಕಾಯಿಲನ್ನು ಎಬ್ಬಿಸುತ್ತಿತ್ತು. ಟೆಸ್ಟ್ ಲ್ಯಾಂಪ್ ಕೂಡ ಹಾಗೆಯೇ ಉರಿದು ನನ್ನನ್ನು ಮೋಸ ಮಾಡಿತ್ತು. 86ನ್ನು ಕೀ ಆನ್ ಆದಾಗ ಮಾತ್ರ ಬರುವ ಪ್ಲಸ್‌ಗೆ ಕೊಟ್ಟು, ನಡುವೆ ಡ್ಯಾಶ್‌ಬೋರ್ಡಿನ ಸ್ವಿಚ್ ಇಟ್ಟು, 85ನ್ನು ಹೈಬೀಮಿನ ಪಿನ್ನಿಗೆ ಕಟ್ಟಿದ ಮೇಲೆ ಸರಿಹೋಯಿತು. ಆ ಸ್ವಿಚ್ ಬೇಕೇಬೇಕು. ಇಲ್ಲದಿದ್ದರೆ ಪಾಸ್ ಕೇಳಲು ಒಮ್ಮೆ ಮಿಣುಕಿಸಿದರೂ ಪಾಡ್‌ಗಳು ಎದುರಿನವರ ಮುಖಕ್ಕೆ ಹೊಡೆಯುತ್ತವೆ. ಹೆಡ್‌ಲೈಟನ್ನು ಕಂಪ್ಯೂಟರ್ ನಡೆಸುವ ಹೊಸ ಗಾಡಿಗಳಲ್ಲಿ ಈ ಲೆಕ್ಕ ಬೇರೆಯೇ ಇರುತ್ತದೆ, ಅಲ್ಲಿ ವೈರು ಕೊರೆಯುವ ಮುನ್ನ ಗಾಡಿಯ ವೈರಿಂಗ್ ನಕ್ಷೆ ನೋಡಿಕೊಳ್ಳಿ.

ರಿಮೋಟ್ ಸ್ವಿಚ್ಚನ್ನೂ ಒಂದು ವಾರ ಇಟ್ಟಿದ್ದೆ. ಕತ್ತಲಲ್ಲಿ ರಿಮೋಟ್ ಹುಡುಕುವುದಕ್ಕೂ ಲೈಟು ಬೇಕಾಯಿತು.

ಬಾರ್ ಹಾಕಿದಾಗ ಎಫ್‌ಎಂನಲ್ಲಿ ಬುಸ್ಸೆಂಬ ಸದ್ದು ಬರುತ್ತಿತ್ತು, ಪಾಡ್‌ಗಳಲ್ಲಿ ಇಲ್ಲ. ಡ್ರೈವರ್ ವೇಗವಾಗಿ ಆನ್ ಆಫ್ ಆಗುವಾಗ ಹುಟ್ಟುವ ಗದ್ದಲ ಅದು, ವೈರೇ ಆಂಟೆನಾ ಆಗಿಬಿಡುತ್ತದೆ. ವೈರಿಗೆ ಗದ್ದಲ ತಡೆಯುವ ಫೆರೈಟ್ ಬಳೆ ಹಾಕಿದ್ದಕ್ಕೆ ಅರ್ಧ ಇಳಿಯಿತು. ನೀರಿನ ಪರೀಕ್ಷೆಯಲ್ಲೂ ಬಾರೇ ಸೋತಿತು. ಅದರ ಮೇಲಿದ್ದ ಐಪಿ67 ಎಂಬ ನೀರು-ಧೂಳು ತಡೆಯ ಗುರುತಿಗೆ ನೀರಿನ ಮಟ್ಟಿಗೆ ಅರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದಷ್ಟೇ. ಗಾಡಿ ತೊಳೆಯುವ ಪ್ರೆಷರ್ ಗನ್ನಿಗೆ ಬೇಕಾದದ್ದು ಐಪಿ69ಕೆ, ಅದು ಪಾಡ್‌ಗಳ ಮೇಲಿತ್ತು. ಮೂರನೇ ಸಲ ತೊಳೆದಾಗ ಬಾರ್‌ನ ಗಾಜಿನೊಳಗೆ ಹಬೆ ಕಟ್ಟಿತು, ಪಾಡ್‌ಗಳು ಕೆಸರಿನಲ್ಲಿ ಹೊರಳಿಯೂ ಒಣಗಿದ್ದವು.

ಕಾನೂನಿನ ಮಟ್ಟಿಗೆ, ವಾಹನದ ಲೈಟುಗಳ ಬಗೆಗಿನ ವಿಶ್ವಸಂಸ್ಥೆಯ 48ನೇ ನಿಯಮ ಪಾಲಿಸುವ ಕಡೆ ಒಟ್ಟಿಗೆ ಉರಿಯುವ ಹೈಬೀಮ್‌ಗಳೆಲ್ಲ ಸೇರಿ 4,30,000 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಮೀರುವಂತಿಲ್ಲ. ನಿಮ್ಮ ಕಡೆಯ ನಿಯಮ ನೋಡಿಕೊಳ್ಳಿ. ನಾನಂತೂ ಡಾಂಬರು ರಸ್ತೆ ಹತ್ತುವ ಮುಂಚೆ ಬಾರ್‌ಗೆ ಕಪ್ಪು ಮುಚ್ಚಳ ಹಾಕುತ್ತಿದ್ದೆ, ಪ್ರತಿ ಸಲ ಚಕ್ರದ ಮೇಲೆ ಹತ್ತಿ ನಿಂತು.

ಆ ಹತ್ತಿ ಇಳಿಯುವ ಕೆಲಸ ಈಗಿಲ್ಲ. ಬಾರನ್ನು ಛಾವಣಿಯಿಂದ ಇಳಿಸಿ, ಹಬೆ ಒಣಗಿಸಿ, ಕ್ಯಾಬಿನ್ನಿನ ಹಿಂದಿನ ಕಂಬಿಗೆ ಹಿಮ್ಮುಖವಾಗಿ ಕಟ್ಟಿದ್ದೇನೆ. ರಾತ್ರಿ ಲೋಡ್ ಇಳಿಸುವಾಗ ಅಷ್ಟು ಅಗಲದ, ನೆರಳಿಲ್ಲದ ಬೆಳಕೇ ಬೇಕು. ಅಲ್ಲಿ ಗಾಳಿಯೂ ನೇರ ತಗಲುವುದಿಲ್ಲ, ಶಿಳ್ಳೆ ನಿಂತಿದೆ.