ಪೆನ್ಶನ್ ಅಪೀಲಿನಲ್ಲಿ ಏಜೆಂಟರ ವಿಳಾಸ ಹಾಕಬೇಡಿ

ನಮ್ಮ ಕುಮಟಾ, ಅಂಕೋಲಾ ಕಡೆಯ ಮಾಜಿ ಸೈನಿಕರು ಯಾರಾದರೂ ಅಂಗವೈಕಲ್ಯ ಪೆನ್ಶನ್‌ಗೆ ಅಪೀಲು ಹಾಕುವವರಿದ್ದರೆ ಇದನ್ನೊಮ್ಮೆ ಓದಿ. ನಾನು ಎಂಟು ಸಾವಿರ ಕೊಟ್ಟು ಕಲಿತದ್ದು.

ನಿವೃತ್ತಿಯ ಸಮಯದಲ್ಲಿ ಸೈನ್ಯದ ಮೆಡಿಕಲ್ ಬೋರ್ಡು, ಡ್ಯೂಟಿಯಲ್ಲಿ ಬಿದ್ದು ಪೆಟ್ಟಾದ ನನ್ನ ಮೊಣಕಾಲಿಗೆ 20 ಪರ್ಸೆಂಟ್ ಅಂಗವೈಕಲ್ಯ ಬರೆದಿತ್ತು. ಆದರೆ ಇದು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂಬ ಷರಾ. ಹಾಗಾಗಿ ಪೆನ್ಶನ್ ಇಲ್ಲ. ಅಪೀಲಿಗೆ ಆರು ತಿಂಗಳ ಅವಧಿ.

ಕಾರವಾರದ ಒಬ್ಬ ಏಜೆಂಟರು, "ಎಲ್ಲ ನಾನು ನೋಡ್ಕೊಳ್ತೇನೆ, ನೀವು ಆರಾಮಿರಿ" ಅಂದರು. ಖಾಸಗಿ ಡಾಕ್ಟರರ ಹೊಸ ಸರ್ಟಿಫಿಕೇಟು, ಹೊಸ ಎಕ್ಸ್‌ರೇ ಸೇರಿಸಿ ದಪ್ಪ ಫೈಲು ಮಾಡಿದರು. ನನಗೂ ಖುಷಿ. ಅದು ವಾಪಸ್ ಬಂತು. ಇನ್ನೂ ವೈದ್ಯಕೀಯ ಪುರಾವೆ ಬೇಕಂತೆ. ಈಗ ಕಾಲು ನೋಯುತ್ತದೆಯೇ ಅನ್ನುವುದು ಅಪೀಲು ನೋಡುವವರ ಪ್ರಶ್ನೆಯೇ ಅಲ್ಲ ಮಾರಾಯ್ರೆ! ಬಿದ್ದ ದಿನ ಡ್ಯೂಟಿಯಲ್ಲಿದ್ದೆ ಅನ್ನುವುದಕ್ಕೆ ಆಗಿನ ಕಾಗದ ಎಲ್ಲಿ ಅಂತ ಕೇಳಿದ್ದರು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅರ್ಜಿಯಲ್ಲಿ ಆತ ತನ್ನದೇ ವಿಳಾಸ, ತನ್ನದೇ ಮೊಬೈಲ್ ನಂಬರ್ ಹಾಕಿದ್ದ. ವಾಪಸ್ ಬಂದ ಪತ್ರ ಅವನ ಮೇಜಿನ ಮೇಲೇ ಕೊಳೆಯುತ್ತಿತ್ತು. ಅದು 2024ರ ಜುಲೈ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಕಾರವಾರದ ಹೆದ್ದಾರಿ ಬಂದಾಗಿತ್ತು. "ರಸ್ತೆ ಬಿಡಲಿ, ಆಮೇಲೆ ಬನ್ನಿ" ಅನ್ನುತ್ತಿದ್ದ. ರೈಲು ಹತ್ತಿ ಹೋಗಬಹುದಿತ್ತು, ಸೋಮಾರಿತನ ನನ್ನದೂ ಇತ್ತು ಬಿಡಿ. ಕೊನೆಗೆ ಪತ್ರ ಕೈಗೆ ಸಿಕ್ಕಾಗ ಅಪೀಲಿನ ಗಡುವಿಗೆ ಹನ್ನೊಂದು ದಿನ ಬಾಕಿ.

ಮನೆಯ ಟ್ರಂಕಿನಲ್ಲಿದ್ದ ಹಳೆಯ ಕಾಗದಗಳು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ನನ್ನ ಸೇವೆಯ ಕಾಗದಪತ್ರ ಇಡುವ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಬೋರ್ಡಿನ ಪೂರ್ತಿ ವರದಿ, ಮಿಲಿಟರಿ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಯುನಿಟ್‌ನ ಇಂಜುರಿ ರಿಪೋರ್ಟ್, ಮೂರನ್ನೂ ಹೆಸರು ಹಿಡಿದು ಕೇಳಿದೆ. ಉತ್ತರಕ್ಕೆ 30 ದಿನದವರೆಗೂ ಹಿಡಿಯಬಹುದು. ಅದಕ್ಕೇ ಆ ಅರ್ಜಿಯ ರಸೀದಿ ಲಗತ್ತಿಸಿ, ಹೆಚ್ಚು ಸಮಯ ಕೊಡಿ ಅಂತ ಅಪೀಲು ನೋಡುವವರಿಗೆ ಗಡುವಿನ ಮೊದಲೇ ಸ್ಪೀಡ್ ಪೋಸ್ಟ್ ಮಾಡಿದೆ. ಇಂಜುರಿ ರಿಪೋರ್ಟ್ ಸಿಕ್ಕಿತು. ಗಸ್ತಿನಲ್ಲಿ ಜಾರಿ ಬಿದ್ದದ್ದು ತಾರೀಕು ಸಮೇತ ಅದರಲ್ಲಿದೆ.

ನಿಮ್ಮದು ಗಾಯ ಅಲ್ಲ, ಕಾಯಿಲೆ ಅಂತಾದರೆ 2013ರ ಧರ್ಮವೀರ್ ಸಿಂಗ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಓದಿಸಿಕೊಳ್ಳಿ. ಭರ್ತಿಯಾಗುವಾಗ ದಾಖಲಾಗದ ಕಾಯಿಲೆ ಆಮೇಲೆ ಬಂದರೆ ಸೇವೆಯಿಂದಲೇ ಬಂತೆಂದು ತಿಳಿಯಬೇಕು ಅಂತ ಕೋರ್ಟು ಆಗಿನ ನಿಯಮಗಳ ಮೇಲೆ ಹೇಳಿತ್ತು. ಅಲ್ಲ ಅನ್ನುವ ಬೋರ್ಡು ಕಾರಣ ಬರೆಯಬೇಕು ಅಂತಲೂ ಹೇಳಿತ್ತು. ನಮ್ಮ ಏಜೆಂಟರ ಬಾಯಲ್ಲಿ ಈ ಮಾತು ಒಂದು ದಿನವೂ ಬರಲಿಲ್ಲ.

ಎಲ್ಲವನ್ನೂ ನನ್ನ ಮನೆಯ ವಿಳಾಸ ಹಾಕಿಯೇ ಮತ್ತೆ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಎಂಟು ಸಾವಿರವೂ ಬಂದಿಲ್ಲ.